ಪಡಸಾಲೆಯ ಲ್ಯಾಬು, ನಡುಮನೆಯ ಬಾಗಿಲು

ನಮ್ಮ ಮನೆಯ ಪಡಸಾಲೆಗೆ ಬರುವವರೆಲ್ಲ ಸೆರಗಿನಲ್ಲೋ ಟವೆಲ್ಲಿನಲ್ಲೋ ಏನನ್ನಾದರೂ ಮುಚ್ಚಿಕೊಂಡೇ ಬರುತ್ತಿದ್ದರು. ಮುಚ್ಚಿಕೊಂಡದ್ದು ಏನೆಂದು ಓಣಿಗೆಲ್ಲ ಗೊತ್ತಿತ್ತು. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಅಪ್ಪನ ಲ್ಯಾಬು ಇತ್ತು. ಲ್ಯಾಬು ಎಂದರೆ ನಮ್ಮ ಪಡಸಾಲೆಯೇ. ಡಾಕ್ಟರು ಚೀಟಿ ಬರೆದು ಕಳಿಸಿದವರು ಉಪ್ಪಿನಕಾಯಿ ಭರಣಿಯಲ್ಲಿ, ಟಾನಿಕ್ಕಿನ ಬಾಟಲಿಯಲ್ಲಿ, ಕೆಲವರು ಲೇಬಲ್ಲು ಕೂಡ ಕೀಳದ ಸಾರಾಯಿ ಶೀಶೆಯಲ್ಲಿ ಉಚ್ಚೆ ತುಂಬಿಕೊಂಡು ಬಂದು, ಅಪ್ಪನ ಮೇಜಿನ ಮೇಲಿಟ್ಟು, ಅದು ತಮ್ಮದಲ್ಲವೇ ಅಲ್ಲವೆಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂಡುತ್ತಿದ್ದರು. ಶಾಲೆಯಲ್ಲಿ ನನ್ನ ನೀಲಾ ಎಂಬ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಉಳಿದ ಹೊತ್ತು ನಾನು 'ಉಚ್ಚಿ ಲ್ಯಾಬಿನಾಕಿ'. ಗೆಳತಿಯರು ಮನೆಗೆ ಬರುತ್ತೇವೆಂದರೆ ಅವ್ವನಿಗೆ ಜ್ವರ ಎನ್ನುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಅವ್ವನಿಗೆ ಬಂದಷ್ಟು ಜ್ವರ ಇಡೀ ತಾಲೂಕಿನಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ.

ಪಡಸಾಲೆಗೂ ನಡುಮನೆಗೂ ನಡುವೆ ಒಂದು ಸಾಗುವಾನಿ ಬಾಗಿಲಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಬಾಗಿಲಿಗೆ ತನ್ನದೇ ಕಾಯಿದೆ ಮಾಡಿದ್ದಳು. ಲ್ಯಾಬಿನ ಒಂದು ಗಾಜೂ ಆ ಹೊಸ್ತಿಲು ದಾಟಿ ಒಳಗೆ ಬರಕೂಡದು. ಬೆಳಿಗ್ಗೆ ಸ್ನಾನ ಮಾಡಿ, ಮೂರು ಬೆರಳು ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಹೊರಗೆ ಹೋದ ಅಪ್ಪ, ಮಧ್ಯಾಹ್ನ ಊಟಕ್ಕೆ ಬರುವ ಮೊದಲು ಹಿತ್ತಲಿಗೆ ಸುತ್ತುಹಾಕಿ ಬಂದು ಬಚ್ಚಲಲ್ಲಿ ಮತ್ತೆ ಮೀಯಬೇಕು. ಅಪ್ಪ ಎದುರಾಡುತ್ತಿರಲಿಲ್ಲ. ಆಯಿಯ ಇನ್ನೊಂದು ಕಾಯಿದೆ ಇದಕ್ಕಿಂತ ಹಳೆಯದು. ಯಾವ ಪಾತ್ರೆಯನ್ನೂ ಬರಿದಾಗಿ ಇನ್ನೊಬ್ಬರ ಕೈಗೆ ಕೊಡಬಾರದು. ನೆರೆಮನೆಯವರ ಡಬರಿ ತಿರುಗಿ ಕೊಡುವಾಗ ನಾಲ್ಕು ಕಾಳು ಜೋಳ, ಇಲ್ಲವೆ ಚಿಟಿಕೆ ಸಕ್ಕರೆ, ಶುಭದ ಮಾತಿದ್ದರೆ ಬೆಲ್ಲದ ಹರಳು, ಏನಾದರೂ ತಳದಲ್ಲಿ ಇರಲೇಬೇಕು. ಇದು ನಮ್ಮ ಕಡೆ ಬಹಳ ಮನೆಗಳಲ್ಲಿತ್ತು. ಆದರೆ ಆಯಿಯಷ್ಟು ಕಟ್ಟುನಿಟ್ಟಾಗಿ ನಡೆಸಿದವರನ್ನು ನಾನು ಕಂಡಿಲ್ಲ.

ರವಿವಾರ ಚೀಟಿಯವರು ಬರುತ್ತಿರಲಿಲ್ಲ. ಅಂದು ಅಪ್ಪ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಡುತ್ತಿದ್ದ. ಉಳ್ಳಾಗಡ್ಡಿಯ ಪೊರೆಯಲ್ಲಿ ಕಲ್ಲು ಜೋಡಿಸಿ ಕಟ್ಟಿದ ಗೋಡೆಯಂತೆ ಒತ್ತೊತ್ತಾಗಿ ಕೂತ ಕೋಶಗಳನ್ನು ನಾನು ಕಂಡದ್ದು ಪಾಠದಲ್ಲಿ ಓದುವುದಕ್ಕಿಂತ ಮೊದಲೇ. ಒಮ್ಮೆ ಅಪ್ಪ ತನ್ನದೇ ಬೆರಳು ಚುಚ್ಚಿಕೊಂಡು ಒಂದು ಹನಿ ರಕ್ತವನ್ನು ಗಾಜಿನ ಮೇಲಿಟ್ಟ.

"ಏನ ಕಾಣತೈತಿ?"

"ಪೇಢೆ, ಅಪ್ಪಾ. ಬೆರಳಿಲೆ ಒತ್ತಿದ ಪೇಢೆ."

"ಅವು ಕೆಂಪ ಕೋಶ. ಈಗ ಸಾದಾ ನೀರ ಬಿಡತೇನಿ, ನೋಡ್ತಿರು."

ನೋಡುತ್ತಿದ್ದಂತೆ ಪೇಢೆಗಳೆಲ್ಲ ಉಬ್ಬಿ ಚೆಂಡಾದವು, ಆಮೇಲೆ ಒಂದೊಂದಾಗಿ ಇಲ್ಲವಾದವು. ನೀರು ಒಳಗೆ ನುಗ್ಗಿ ಒಡೆದವು ಎಂದ ಅಪ್ಪ. ಇನ್ನೊಂದು ಹನಿಗೆ ಗಟ್ಟಿ ಉಪ್ಪುನೀರು ಬಿಟ್ಟ. ಅವು ಒಣಗಿದ ಬಾರಿಹಣ್ಣಿನ ಹಾಗೆ ಮುದುಡಿದವು.

"ಕೋಶ ಅಂದ್ರ ಒಂದು ಮನಿ, ಮಗಳ. ಸುತ್ತ ಕೊಬ್ಬಿಂದು ತೆಳ್ಳನ್ನ ಪೊರಿ ಇರತೈತಿ. ಎಲ್ಲಾನೂ ಒಳಗ ಬಿಟ್ಟರ ಒಡೀತೈತಿ. ಏನೂ ಬಿಡದಿದ್ದರ ಹಸ್ತು ಸಾಯತೈತಿ. ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು, ಅದನ್ನ ತಿಳಕೊಂಡಿದ್ದಕ್ಕನ ಅದು ಜೀವ."

ಈಗ ಸವದತ್ತಿಯ ಕಾಲೇಜಿನಲ್ಲಿ ನಾನು ಪ್ರತಿ ವರ್ಷ ಇದೇ ಪಾಠ ಮಾಡುತ್ತೇನೆ. ಅಪ್ಪ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ. ಆಗ ಮಾತ್ರ ನನಗೆ ಅನಿಸುತ್ತಿದ್ದದ್ದು ಒಂದೇ: ಇಷ್ಟೆಲ್ಲ ಗೊತ್ತಿರುವ ಮನುಷ್ಯ ಯಾಕೆ ಊರವರ ಉಚ್ಚೆ ಕಾಯಿಸುತ್ತ ಕೂಡಬೇಕು?

ಆ ಮನೆಯಲ್ಲಿ ನನ್ನ ಚಿಗವ್ವನೂ ಇದ್ದಳು. ಅವ್ವನ ತಂಗಿ, ಶಾಂತಾ ಎಂದು ಹೆಸರು. ತಂದೆ ತಾಯಿ ಇಲ್ಲದ್ದರಿಂದ ಅವ್ವನ ಬೆನ್ನು ಹತ್ತಿ ಬಂದವಳು ನಮ್ಮಲ್ಲೇ ಬೆಳೆದಿದ್ದಳು. ಬೆಳಿಗ್ಗೆ ಅಡಿಗೆ ಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾನು ಏಳುತ್ತಿದ್ದೆ. ಅಪ್ಪನೊಂದಿಗೆ ಅವಳು ನೇರ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಭಾವನ ಎದುರು ನಿಲ್ಲುವುದು, ಭಾವ ನಾದಿನಿಯ ಮುಖ ನೋಡಿ ಮಾತಾಡುವುದು, ಎರಡೂ ನಮ್ಮ ಮನೆಯಲ್ಲಿ ಇರಲಿಲ್ಲ. ಏನು ಬೇಕಾದರೂ ಅವ್ವನ ಮೂಲಕವೇ ಹೋಗಬೇಕು, ಅವ್ವನ ಮೂಲಕವೇ ಬರಬೇಕು.

ಆ ವರ್ಷ ಯುಗಾದಿ ಆದ ಮೇಲೆ ಚಿಗವ್ವನಿಗೆ ಕಿತ್ತೂರಿನಿಂದ ಒಂದು ಸಂಬಂಧ ಬಂತು. ಹೈವೇ ಬದಿಗೆ ಪಂಪ್‌ಸೆಟ್ಟಿನ ಅಂಗಡಿ, ಹೊಲಮನೆ ಇದ್ದವರು. ಹುಡುಗ ನೋಡಲು ಬಂದಾಗ ಚಿಗವ್ವ ಕೊಟ್ಟ ಚಹಾ ಕುಡಿದು, ಕಪ್ಪನ್ನು ಯಾರ ಕೈಗೂ ಕೊಡದೆ ತಾನೇ ತಟ್ಟೆಯಲ್ಲಿಟ್ಟ ಎಂಬುದು ನಮ್ಮ ಮನೆಯ ಹೆಂಗಸರಿಗೆ ಬಹಳ ಹಿಡಿಸಿತು. ಚಿಗವ್ವ ಒಂದು ವಾರ ಹಾಡು ಗುನುಗುತ್ತ ರೊಟ್ಟಿ ಬಡಿದಳು. ಮಾತು ಮುಗಿಯುವ ಹೊತ್ತಿಗೆ ಅಪ್ಪನಿಗೆ ತನ್ನ ವಿದ್ಯೆಯ ಜಂಬ ಬಂತು. ಹಿರಿಯರ ಮುಂದೆ ಹೇಳಿಯೇಬಿಟ್ಟ:

"ನಾವು ಕುಂಡಲಿ ನೋಡೂ ಮಂದಿ ಅಲ್ರಿ. ಆದ್ರ ಹುಡುಗಂದು, ಹುಡುಗೀದು ಇಬ್ಬರದೂ ಉಚ್ಚಿ ಒಮ್ಮೆ ನೋಡಿಬಿಡೂಣು. ಮುಂದ ಯಾರಿಗೂ ಯಾರ ಮ್ಯಾಲೂ ಮಾತ ಇರಬಾರದು."

ಕಿತ್ತೂರಿನವರು ಮುಖ ಮುಖ ನೋಡಿಕೊಂಡರು, ನಕ್ಕರು, ಆಗಲಿ ಎಂದರು. ಪರದೆಯ ಹಿಂದೆ ಅವ್ವ ಹಣೆ ಚಚ್ಚಿಕೊಂಡಳು. ಹುಡುಗ ಅಲ್ಲಿಯೇ ಲ್ಯಾಬಿನ ಬಾಟಲಿ ಇಸಿದುಕೊಂಡು ಹೋಗಿ ಬಂದ. ಅವನದು ಎಲ್ಲ ಸರಿ ಇತ್ತು.

ಚಿಗವ್ವನ ಸರದಿ ಬಂದಾಗ ಅಪ್ಪ ಅವ್ವನಿಗೆ, ಯಾವುದಾದರೂ ತೊಳೆದ ಬಾಟಲಿಯಲ್ಲಿ ಬೆಳಗಿನದು ಹಿಡಿದು ಕೊಡಲಿ ಎಂದ. ಲ್ಯಾಬಿನ ಬಾಟಲಿ ಒಳಗೆ ಬರುವಂತಿರಲಿಲ್ಲ. ಪಡಸಾಲೆಗೆ ಹೋಗಿ ಜನರ ನಡುವೆ ಅದನ್ನು ಇಸಿದುಕೊಂಡು ಬರುವುದಂತೂ ಚಿಗವ್ವನಿಗೆ ಸಾವಿನ ಸಮ. ಅವಳು ಸಂಜೆ ಆಯಿಯ ಹತ್ತಿರ ಹೋಗಿ, ಗೆಳತಿಗೆ ಕೊಬ್ಬರಿ ಎಣ್ಣೆ ಕೊಡಬೇಕಾಗಿದೆ, ಸಣ್ಣದೊಂದು ಬಾಟಲಿ ಕೊಡ್ರಿ ಎಂದು ಸುಳ್ಳು ಹೇಳಿದಳು. ಆಯಿ ಗೋಡೆಯ ಮಾಡದೊಳಗಿನ ಒಂದು ಕಂದು ಬಾಟಲಿ ಕೊಟ್ಟಳು. ಅದನ್ನು ನೀರಿನಲ್ಲಿ ತೊಳೆದರೆ, ಎಣ್ಣೆ ಹಾಕುವ ಬಾಟಲಿಗೆ ನೀರೇಕೆ ಎಂದು ಆಯಿ ಕೇಳುತ್ತಿದ್ದಳು. ಹಾಗಾಗಿ ಚಿಗವ್ವ ಅದನ್ನು ಇದ್ದ ಹಾಗೆಯೇ ಸೀರೆಯ ಗಂಟಿನಲ್ಲಿ ಮುಚ್ಚಿಟ್ಟುಕೊಂಡು, ಮರುದಿನ ನಸುಕಿನಲ್ಲಿ ಬಚ್ಚಲಿಗೆ ಹೋದಳು.

ಆ ಬೆಳಿಗ್ಗೆ ನಾನು ಅಪ್ಪನ ಮೇಜಿನ ಪಕ್ಕದಲ್ಲಿದ್ದೆ. ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟ್ ದ್ರಾವಣ, ಮೋಡವಿಲ್ಲದ ಆಕಾಶದ ನೀಲಿ. ಅದಕ್ಕೆ ಕೆಲವು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಬಹಳವಿದ್ದರೆ ಇಟ್ಟಂಗಿ ಕೆಂಪು. ಬಣ್ಣಗಳು ಒಂದರ ಹಿಂದೊಂದು ಬರುವುದನ್ನು ನೋಡುವುದು ನನಗೆ ಇಷ್ಟ. ಅಂದು ಹಸಿರು ಬಂತು, ಹಳದಿ ಬಂತು, ನಿಲ್ಲಲಿಲ್ಲ. ಅಪ್ಪನ ಕೈಯೊಳಗಿನ ನಳಿಗೆ ಹಂಚಿನ ಬಣ್ಣಕ್ಕೆ ತಿರುಗಿತು. ಅಪ್ಪ ದೀಪವನ್ನು ಆರಿಸಿದ. ಆಮೇಲೆ ಅವ್ವನನ್ನು ಹಿತ್ತಲಿಗೆ ಕರೆದ.

"ಸಕ್ಕರಿ ರಕ್ತದಾಗ ತುಂಬೇತಿ, ಕೋಶದ ಒಳಗ ಹೋಗವಲ್ದು. ಹೊರಗ ಹಬ್ಬ, ಒಳಗ ಉಪಾಸ. ಈ ವಯಸ್ಸಿಗೆ ಬಂದದ್ದು ಚಲೋ ಅಲ್ಲ. ಧಾರವಾಡಕ್ಕ ಕರಕೊಂಡ ಹೋಗಿ ದೊಡ್ಡ ಡಾಕ್ಟರಿಗೆ ತೋರಸಬೇಕು."

"ಧಾರವಾಡ ಗಾಡಿ ಹತ್ತಿದ್ರ ಬಸ್ ಸ್ಟ್ಯಾಂಡಿನಾಗ ನಾಲ್ಕ ಮಂದಿ ಕೇಳತಾರ. ಏನ್ ಹೇಳ್ಲಿ? ದೀಪಾವಳಿ ಆಗ್ಲಿ, ತಡೀರಿ."

ಇನ್ನೊಮ್ಮೆ ಪರೀಕ್ಷೆ ಮಾಡಬೇಕಿತ್ತು. ಬೇರೆ ಯಾರದ್ದೇ ಆಗಿದ್ದರೂ ಅಪ್ಪ ಮಾಡುತ್ತಿದ್ದ, ನಾಳೆ ಮತ್ತೆ ತನ್ನಿ ಎನ್ನುತ್ತಿದ್ದ. ಆದರೆ ನಾದಿನಿಗೆ ಎರಡನೇ ಸಲ ಅದನ್ನು ಕೇಳಲು ಅವನಿಗೆ ನಾಚಿಕೆಯಾಯಿತು. ಅವ್ವನ ಮೂಲಕ ಕೇಳಿಸಲೂ ಬಾಯಿ ಬರಲಿಲ್ಲ. ಕಿತ್ತೂರಿನವರಿಗೆ ಮಾತ್ರ ತಾನೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಂದ, ಮಾತು ಕೊಟ್ಟ ಮನುಷ್ಯ. ಸಂಬಂಧ ಸಪ್ಪಳವಿಲ್ಲದೆ ಮುರಿಯಿತು.

ಅಂದಿನಿಂದ ಚಿಗವ್ವನಿಗೆ ಸಿಹಿ ನಿಂತಿತು. ಮೆಂತ್ಯ ನೆನೆಸಿದ ನೀರು, ಹಾಗಲಕಾಯಿ ರಸ, ಸಪ್ಪೆ ಚಹಾ. ಅನ್ನವೂ ಇಲ್ಲ, ರೊಟ್ಟಿ ಪಲ್ಯ ಅಷ್ಟೆ. ಹಾಡು ನಿಂತಿತು, ಮೈ ಇಳಿಯಿತು. ಮೈ ಇಳಿದದ್ದನ್ನು ನೋಡಿ ಅವ್ವ, ಜಡ್ಡು ಜೋರಾಗಿದೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮನೆಗೆ ಬಂದವರು ಚಿಗವ್ವನನ್ನು ಕಂಡು ದನಿ ಇಳಿಸುತ್ತಿದ್ದರು. ನನಗೆ ಅವಳ ಬಗ್ಗೆ ಮರುಕಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಉಚ್ಚೆಯ ಲ್ಯಾಬಿನ ಮನೆ ಸಾಲದೆಂದು ಈಗ ಜಡ್ಡಿನ ಹುಡುಗಿಯ ಮನೆಯೂ ಆಯಿತಲ್ಲ ಎಂದು.

ಶ್ರಾವಣದಲ್ಲಿ ಪಂಚಮಿ ಬಂತು. ಜೋಕಾಲಿ ಕಟ್ಟಿದರು. ಅಳ್ಳಿನ ಉಂಡಿ, ಶೇಂಗಾ ಉಂಡಿ, ಬೇಸನ್ ಉಂಡಿ, ಎಲ್ಲವನ್ನೂ ಕಟ್ಟಿದವಳು ಚಿಗವ್ವ. ಬೆಲ್ಲದ ಪಾಕದ ಎಳೆ ಬಂದಿದೆಯೇ ಎಂದು ನೋಡಲು ಬೆರಳಿಗೆ ತಾಗಿಸಿಕೊಳ್ಳುತ್ತಿದ್ದಳು, ಆ ಬೆರಳನ್ನು ನೆಕ್ಕದೆ ನೀರಿನಲ್ಲಿ ಅದ್ದುತ್ತಿದ್ದಳು. ಹಬ್ಬದ ಮರುದಿನ ನೆರೆಮನೆಯವರ ಬಟ್ಟಲುಗಳನ್ನು ತಿರುಗಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆಯಿ ಅಡಿಗೆ ಮನೆಯ ಬಾಗಿಲಲ್ಲಿ ಕೂತಿದ್ದಳು. ಒಳಗೆ ಅವ್ವ ಒಲೆಯ ಮುಂದೆ, ಚಿಗವ್ವ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದಳು.

"ಬರೇ ಬಟ್ಟಲಾ ಹಿಡಕೊಂಡ ಹೊಂಟೀಯಲ್ಲ, ಬುದ್ಧಿ ಐತೇನ ನಿನಗ? ಒಂದ್ ಹರಳ ಬೆಲ್ಲ ಹಾಕ್ಕೊ."

"ಇಷ್ಟ ಸಣ್ಣ ಬಟ್ಟಲಕ್ಕ ಎದಕ್ಕ, ಆಯಿ?"

"ಸಣ್ಣದಿರಲಿ ದೊಡ್ಡದಿರಲಿ. ಶಾಂತಾ ಎಣ್ಣಿ ಬಾಟ್ಲಿ ಕೇಳಿದಾಗೂ ನಾ ಬರೇದ ಕೊಡಲಿಲ್ಲ. ನಾಲ್ಕ ಹರಳ ಬೆಲ್ಲ ಹಾಕೇ ಕೊಟ್ಟೇನಿ. ಲಗ್ನದ ಮಾತ ನಡದಿರೂ ಹುಡುಗಿ ಕೈಯಾಗ ಬರೇ ಬಾಟ್ಲಿ ಕೊಡತಾರೇನು?"

ಹಿಟ್ಟು ನಾದುವ ಕೈ ನಿಂತಿತು. ಅವ್ವ ತಿರುಗಿ ತಂಗಿಯ ಮುಖ ನೋಡಿದಳು.

"ಯಾವ ಬಾಟ್ಲಿ, ಶಾಂತಾ?"

"ಅದ, ಅಕ್ಕಾ. ಆ ಬಾಟ್ಲಿನ."

ಮುಂದೆ ಆದದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಚಿಗವ್ವ ಕೈ ತೊಳೆದುಕೊಂಡಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಡುಬಾಗಿಲು ದಾಟಿ, ನಾಲ್ಕಾರು ಗಂಡಸರು ಕೂತಿದ್ದ ಪಡಸಾಲೆಗೆ ನೇರವಾಗಿ ಹೋದಳು. ಕಪಾಟಿನಿಂದ ಲ್ಯಾಬಿನದೇ ಒಂದು ಬಾಟಲಿ ತೆಗೆದುಕೊಂಡು ಹಿತ್ತಲಿಗೆ ನಡೆದಳು. ತಿರುಗಿ ಅದೇ ದಾರಿಯಲ್ಲಿ ಬಂದು, ಏನನ್ನೂ ಮುಚ್ಚದೆ, ಅಪ್ಪನ ಮುಂದೆ ಇಟ್ಟಳು.

"ಮತ್ತೊಮ್ಮೆ ನೋಡ್ರಿ, ಭಾವಾರ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಪ್ಪ ಅವಳ ಮುಖ ನೋಡಲಿಲ್ಲ, ದೀಪ ಹಚ್ಚಿದ. ನೀಲಿ ನೀಲಿಯಾಗಿಯೇ ಉಳಿಯಿತು. ಅವ್ವ ಬಾಗಿಲ ಸಂದಿಯಿಂದ ಬೆಲ್ಲದ ಕಥೆ ಹೇಳಿದ ಮೇಲೆ ಅಪ್ಪ ಒಂದು ನಳಿಗೆಯಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಬೆಲ್ಲದ ನೀರು ಕಾಯಿಸಿದ. ಸಕ್ಕರೆಯದು ನೀಲಿ, ಬೆಲ್ಲದ್ದು ಇಟ್ಟಂಗಿ ಕೆಂಪು. ಸಕ್ಕರೆಯಲ್ಲಿ ಗ್ಲೂಕೋಸು, ಫ್ರಕ್ಟೋಸು ಎರಡೂ ಕೈಕೈ ಹಿಡಿದು ಕೂತಿರುತ್ತವೆ, ಈ ದ್ರಾವಣಕ್ಕೆ ಸಿಗುವುದಿಲ್ಲ. ಬೆಲ್ಲದಲ್ಲಿ ಕೆಲವು ಕೈಬಿಟ್ಟು ಬೇರೆಯಾಗಿರುತ್ತವೆ, ಅವು ಬಣ್ಣ ತಿರುಗಿಸುತ್ತವೆ. ಇದನ್ನು ನಾನು ಕಲಿತದ್ದು ಅಂದೇ. ಆಯಿ ಬೆಲ್ಲದ ಬದಲು ಚಿಟಿಕೆ ಸಕ್ಕರೆ ಹಾಕಿದ್ದರೆ ಚಿಗವ್ವ ಕಿತ್ತೂರಿನಲ್ಲಿರುತ್ತಿದ್ದಳು. ಶುಭದ ಮಾತೆಂದು ಆಯಿ ಬೆಲ್ಲವನ್ನೇ ಹಾಕಿದ್ದಳು.

ಅಪ್ಪ ಮರುದಿನ ಮೊದಲ ಬಸ್ಸಿಗೆ ಕಿತ್ತೂರಿಗೆ ಹೋದ. ಅವರು ಕೂಡಿಸಿ, ಚಹಾ ಕೊಟ್ಟು, ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿದೆ ಎಂದು ಸಮಾಧಾನದಿಂದಲೇ ಹೇಳಿದರಂತೆ. ಬೈದಿದ್ದರೆ ಚಲೋ ಇತ್ತು ಎಂದ ಅಪ್ಪ ಅಂದು ಉಣ್ಣಲಿಲ್ಲ. ಆಯಿಗೆ ಯಾರೂ ಏನೂ ಹೇಳಲಿಲ್ಲ. ಆದರೂ ಅವಳಿಗೆ ತಿಳಿಯಿತು. ಮುಂದೆ ಯಾವ ಪಾತ್ರೆಗಾಗಲಿ ಅವಳು ಬೆಲ್ಲ ಹಾಕಿದ್ದನ್ನು ನಾನು ಕಾಣಲಿಲ್ಲ.

ಅದಾದ ಮೇಲೆ ಅಪ್ಪ ಹೊಸ ರೂಢಿ ಶುರು ಮಾಡಿದ. ಯಾರೇ ಬಾಟಲಿ ತಂದರೂ ಮುಟ್ಟುತ್ತಿರಲಿಲ್ಲ. ತನ್ನ ಬಾಟಲಿಯನ್ನು ಅವರ ಎದುರಿಗೇ ತೊಳೆದು ಕೊಡುತ್ತಿದ್ದ, ಕೊಡುವಾಗ ಹೇಳುತ್ತಿದ್ದ. ಮೆಲ್ಲಗಲ್ಲ, ಬೀದಿಗೆ ಕೇಳುವಷ್ಟು ಜೋರಾಗಿ:

"ಇದರಾಗ ಹಿಡದ ಕೊಡ್ರಿ, ತಾಯಿ. ಬಾಟ್ಲಿ ತೊಳೀದನ ಟೆಸ್ಟ್ ಮಾಡಿ, ನಮ್ಮ ಮನ್ಯಾಗಿನ ಹುಡುಗಿಗೆ ಇಲ್ಲದ ಜಡ್ಡ ಅಂಟಿಸೇನಿ ನಾ. ಆಕಿಗೆ ಏನೂ ಇದ್ದಿಲ್ಲ. ತಪ್ಪ ನಂದು."

ದಿನಾ ಬೆಳಿಗ್ಗೆ, ಬಂದವರಿಗೆಲ್ಲ ಇದೇ ಮಾತು. ಕೆಲವರು ಎದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಲ್ಯಾಬಿಗೆ ಹೋದರು. ಸ್ವಂತ ಮನೆಯದನ್ನೇ ತಪ್ಪು ಮಾಡಿದವನು ನಮ್ಮದನ್ನೇನು ನೋಡಿಯಾನು ಎಂದರು. ಅವ್ವನಿಗೂ ಅಪ್ಪನಿಗೂ ಅಷ್ಟು ದೊಡ್ಡ ಜಗಳ ನಾನು ಕಂಡದ್ದು ಅದೊಂದೇ.

"ಊರಿಗೆಲ್ಲಾ ಡಂಗುರ ಹೊಡೀಬೇಕೇನ್ರಿ?"

"ಹೊಡೀಬೇಕು. ಆಕಿಗೆ ಜಡ್ಡೈತಿ ಅಂತ ಊರಿಗೆಲ್ಲಾ ಗೊತ್ತಾಗಿದ್ದು ಡಂಗುರ ಹೊಡೀದನ. ಇಲ್ಲ ಅಂತ ಗೊತ್ತಾಗಬೇಕಂದ್ರ ಹೊಡೀಬೇಕು."

ನನಗೆ ಅಪ್ಪನ ಮಾತಿನ ಹುರುಳು ಕಾಣಲಿಲ್ಲ, ಮರ್ಯಾದೆ ಹೋಗುತ್ತಿರುವುದಷ್ಟೇ ಕಂಡಿತು. ಶಾಲೆಯಲ್ಲಿ ನನ್ನ ಹೆಸರು 'ಬೆಲ್ಲದ ಲ್ಯಾಬಿನಾಕಿ' ಎಂದು ಬದಲಾಗಿತ್ತು. ತಪ್ಪು ಮಾಡಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಈ ಮನುಷ್ಯನಿಗೆ ಏನು ಧಾಡಿ ಎಂದು ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು, ಊರಿಗೆಲ್ಲ ಕೂಗಿ ಹೇಳುವವನು ಒಳಗೆ ಬಂದು ಚಿಗವ್ವನಿಗೆ ಒಂದು ಮಾತು ಹೇಳುವುದಿಲ್ಲವಲ್ಲ ಎಂಬುದಕ್ಕೆ. ಅವಳ ಮುಂದೆ ಮೊದಲಿನ ಹಾಗೇ ತಲೆ ತಗ್ಗಿಸಿ ಉಂಡು ಎದ್ದು ಹೋಗುತ್ತಿದ್ದ. ಬೆಳಿಗ್ಗೆ ಅಪ್ಪನ ದನಿ ಏಳುತ್ತಿದ್ದಂತೆ ನಾನು ಓಡಿ ಹೋಗಿ ನಡುಬಾಗಿಲು ಹಾಕಿ ಚಿಲಕ ಸಿಗಿಸುತ್ತಿದ್ದೆ. ಪಾಟಿಚೀಲ ಹಾಕಿಕೊಂಡು ತಿರುಗಿ ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಚಿಲಕ ಸಡಿಲಾಗಿದೆ, ಬಡಿಗೇರರನ್ನು ಕರೆಸು ಎಂದು ಅವ್ವನಿಗೆ ಎಷ್ಟೋ ಸಲ ಹೇಳಿದೆ. ಚಿಲಕದ ಮೇಲೆ ಒಮ್ಮೊಮ್ಮೆ ಜೋಳದ ಹಿಟ್ಟು ಮೆತ್ತಿರುತ್ತಿತ್ತು, ಅದನ್ನು ಒರೆಸಿ ಮತ್ತೆ ಹಾಕುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಚಿಗವ್ವನ ಮದುವೆ ರಾಮದುರ್ಗದ ಒಬ್ಬ ಮಾಸ್ತರರೊಂದಿಗೆ ಆಯಿತು. ಅಪ್ಪನ ಮೇಜಿನ ಮುಂದೆ ಬಾಟಲಿ ಹಿಡಿದು ಕೂತು ಆ ಮಾತು ಕೇಳಿದ್ದವರೇ, ಹುಡುಗಿಗೆ ಏನೂ ಇಲ್ಲವಂತೆ ಎಂದು ಆ ಸಂಬಂಧ ತಂದವರು. ಅಪ್ಪ ಲ್ಯಾಬು ಮುಚ್ಚುವವರೆಗೂ ಆ ಮಾತನ್ನು ಬಿಡಲಿಲ್ಲ. ಈಗ ಅಪ್ಪನಿಲ್ಲ.

ಹೋದ ಸಲ ರಾಮದುರ್ಗಕ್ಕೆ ಹೋದಾಗ ಚಿಗವ್ವ ಚಹಾ ಮಾಡಿದಳು. ನನಗೆ ಸಕ್ಕರೆ ಹಾಕಿ ಕೊಟ್ಟು, ತನ್ನದನ್ನು ಸಪ್ಪೆಯಾಗಿಯೇ ಬಸಿದುಕೊಂಡಳು.

"ಇನ್ನೂ ಸಪ್ಪನ್ನ ಚಹಾನ ಕುಡೀತಿಯೇನ, ಚಿಗವ್ವ?"

"ರೂಢಿ ಆಗೇತಿ. ಈಗ ಸಕ್ಕರಿ ಹಾಕಿದ್ರ ಬಾಯಾಗ ಇಡಾಕ ಆಗಂಗಿಲ್ಲ."

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆಗ ಕೇಳಿದೆ.

"ಅಪ್ಪ ನಿನ್ನ ಮುಂದ ಒಮ್ಮೆನೂ ತಪ್ಪಾತು ಅನ್ನಲಿಲ್ಲಲ್ಲ. ಊರಿಗೆಲ್ಲಾ ಹೇಳಿದ, ನಿನಗೊಬ್ಬಾಕಿಗೆ ಹೇಳಲಿಲ್ಲ. ನನಗ ಅದ ನಾಚಿಗಿ."

ಚಿಗವ್ವ ನನ್ನನ್ನು, ಇಷ್ಟು ಓದಿಯೂ ಇವಳಿಗೆ ಇದು ತಿಳಿಯಲಿಲ್ಲವಲ್ಲ ಎಂಬಂತೆ ನೋಡಿದಳು.

"ನನಗನ ಹೇಳತಿದ್ರಲ್ಲ, ಹುಚ್ಚಿ. ಎದುರಿಗೆ ಕುಂತವರಿಗೆ ಹೇಳೂದಾದ್ರ ಅಷ್ಟ ಜೋರ ಯಾಕ ಹೇಳಬೇಕಿತ್ತು? ಒಳಗ ರೊಟ್ಟಿ ಬಡಿಯೂ ಸಪ್ಪಳದಾಗ ನನಗ ಕೇಳಸ್ಲಿ ಅಂತ ಹೇಳತಿದ್ರು. ನೀ ದಿನಾ ಬಾಗಲಾ ಹಾಕಿ ಹೋಗತಿದ್ದಿ. ನಾ ಹಿಟ್ಟಿನ ಕೈಲೆ ಎದ್ದು ಬಂದು ತಗೀತಿದ್ದೆ."